ಗುಂಡು ಅಸ್ತಿಭಾರಗಳ ಮೇಲೆ ಬೀಳುವ ಮಣ್ಣಿನ ಹೊರೆಯನ್ನು ಲೆಕ್ಕ ಮಾಡುವ ಕ್ರಮ

ಗ್ರಾಮಗಳಲ್ಲಿಯೂ ಜಮೀನುಗಳಲ್ಲಿಯೂ ಕಂಬಗಳ ಮೇಲೆ ನಿಲ್ಲುವ ಕಟ್ಟಡಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲಿವೆ. ಕುಡಿಯುವ ನೀರಿನ ಎತ್ತರದ ಟ್ಯಾಂಕು, ಧಾನ್ಯ ತುಂಬುವ ಉಕ್ಕಿನ ಕಣಜ, ಪಂಪುಸೆಟ್ಟಿಗೆ ವಿದ್ಯುತ್ತನ್ನು ಒದಗಿಸುವ ಸೌರಫಲಕದ ಕಂಬ ಇವೇ ಮುಂತಾದವುಗಳಿಗೆ ಅನೇಕ ಕಡೆಗಳಲ್ಲಿ ಗುಂಡಗಿನ ಕಾಂಕ್ರೀಟು ಪಾದವನ್ನು ಹಾಕುವುದುಂಟು. ಮೇಸ್ತ್ರಿಗಳು ಇದನ್ನು ಫುಟಿಂಗ್ ಎಂದು ಕರೆಯುತ್ತಾರೆ. ಪಾದವನ್ನು ಹಾಕಿ, ಕಂಬವನ್ನು ಎಬ್ಬಿಸಿ, ಗುಂಡಿಯನ್ನು ಮಣ್ಣಿನಿಂದ ಮುಚ್ಚಿದ ಮೇಲೆ ಆ ಮಣ್ಣಿನ ವಿಷಯವನ್ನು ಯಾರೂ ಸಾಮಾನ್ಯವಾಗಿ ಜ್ಞಾಪಿಸಿಕೊಳ್ಳುವುದಿಲ್ಲ. ಆದರೆ ಕಣ್ಣಿಗೆ ಕಾಣದ ಪಾದದ ಮೇಲೆ ಕುಳಿತಿರುವ ಆ ಮಣ್ಣು ಕಟ್ಟಡಕ್ಕೆ ಒಂದು ಹೊರೆಯೂ ಹೌದು, ಒಂದು ಕಾವಲೂ ಹೌದು. ಹೊರೆಯೆಂಬುದನ್ನು ಮರೆತರೆ ಕಟ್ಟಡವು ಕುಸಿಯಬಹುದು. ಕಾವಲೆಂಬುದನ್ನು ಮರೆತು ಮಣ್ಣನ್ನು ತೋಡಿ ತೆಗೆದರೆ ಅದು ವಾಲಬಹುದು ಅಥವಾ ಗಾಳಿಗೆ ಕೀಳಬಹುದು.

ಅಸ್ತಿಭಾರದ ನಕ್ಷೆಯನ್ನು ತಯಾರಿಸುವುದು ಇಂಜಿನಿಯರರ ಕೆಲಸ. ಆದರೆ ಇಂಜಿನಿಯರರೂ ಗುತ್ತಿಗೆದಾರರೂ ಹೊರಟುಹೋದ ಮೇಲೆ ಆ ನೆಲವನ್ನು ಕಾಯತಕ್ಕವರು ಗ್ರಾಮದ ಮುಖಂಡರು ಮತ್ತು ಜಮೀನಿನ ಮಾಲೀಕರು. ಟ್ಯಾಂಕಿನ ಬುಡದಲ್ಲಿ ಮಣ್ಣೇರಿಸಲು ಅಪ್ಪಣೆ ಕೊಡುವವರೂ, ಪಕ್ಕದಲ್ಲಿ ಚರಂಡಿ ತೋಡಿಸುವವರೂ ಅವರೇ. ಆದಕಾರಣ ಈ ಲೆಕ್ಕವು ಅವರಿಗೆ ತಿಳಿದಿರುವುದು ಅವಶ್ಯಕ. ಗುಣಾಕಾರ ಭಾಗಾಕಾರಗಳನ್ನು ಬಲ್ಲ ಯಾರಾದರೂ ಇದನ್ನು ಮಾಡಬಹುದು.

ಮೇಲುಹೊರೆ ಎಂದರೇನು

ಕಂಬಕ್ಕಿಂತ ಪಾದವು ಅಗಲವಾಗಿರುವುದು. ಕಂಬದ ಸುತ್ತಲೂ ಹೊರಚಾಚಿರುವ ಪಾದದ ಭಾಗವನ್ನು ಮೇಲಿನಿಂದ ನೋಡಿದರೆ ಬಳೆಯ ಆಕಾರದಲ್ಲಿ ಕಾಣುತ್ತದೆ. ಈ ಬಳೆಯ ಮೇಲೆ ನೆಲದ ಮಟ್ಟದವರೆಗೆ ನಿಂತಿರುವ ಮಣ್ಣಿನ ತೂಕವನ್ನು ಮೇಲುಹೊರೆ ಎನ್ನಬಹುದು. ನೆಲದ ಮೇಲೆ ಇನ್ನೂ ಮಣ್ಣು, ಮರಳು, ಇಟ್ಟಿಗೆ ಅಥವಾ ಮೂಟೆಗಳನ್ನು ಪೇರಿಸಿದರೆ ಆ ತೂಕವೂ ಇದಕ್ಕೆ ಸೇರುವುದು. ಕಟ್ಟಡದ ಭಾರ, ಪಾದದ ಸ್ವಂತ ಭಾರ ಮತ್ತು ಮೇಲುಹೊರೆ ಇವು ಮೂರೂ ಕೂಡಿ ಪಾದದ ತಳದಲ್ಲಿರುವ ನೆಲವನ್ನು ಒತ್ತುತ್ತವೆ.

ಮಣ್ಣಿನ ತೂಕವನ್ನು ತಿಳಿಯುವ ಬಗೆ

ಲೆಕ್ಕಕ್ಕೆ ಮೊದಲು ಬೇಕಾದುದು ಒಂದು ಘನ ಮೀಟರು ಮಣ್ಣಿನ ತೂಕ. ಸಡಿಲವಾಗಿ ಸುರಿದ ಒಣಮಣ್ಣು ಸುಮಾರು ೧.೫ ರಿಂದ ೧.೬ ಟನ್ನು, ಚೆನ್ನಾಗಿ ದಮ್ಮಸು ಮಾಡಿದ ಮಣ್ಣು ೧.೮ ಟನ್ನು, ನೀರುಂಡ ಮಣ್ಣು ೧.೯ ರಿಂದ ೨ ಟನ್ನು ತೂಗುವುದು ಸಾಮಾನ್ಯ. ಟನ್ನು ಎಂದರೆ ಇಲ್ಲಿ ಸಾವಿರ ಕಿಲೋಗ್ರಾಂ. ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಘನ ಮೀಟರಿಗೆ ೨.೫ ಟನ್ನು ಎಂದು ಹಿಡಿಯುವುದು ರೂಢಿ.

ತಮ್ಮ ಊರಿನ ಮಣ್ಣಿನ ತೂಕವನ್ನು ತಾವೇ ಕಂಡುಹಿಡಿಯಬೇಕೆಂಬವರು ಹೀಗೆ ಮಾಡಬಹುದು. ನೆಲವನ್ನು ಸಮಮಾಡಿ, ಗೇಣುದ್ದದ ಒಂದು ಚಿಕ್ಕ ಕುಳಿಯನ್ನು ತೋಡಿ, ತೆಗೆದ ಮಣ್ಣನ್ನು ಒಂದಿಷ್ಟೂ ಚೆಲ್ಲದಂತೆ ತೂಕ ಮಾಡಬೇಕು. ಬಳಿಕ ಒಣಗಿದ ನಯವಾದ ಮರಳನ್ನು ಲೀಟರಿನ ಪಾತ್ರೆಯಿಂದ ಅಳೆದು ಆ ಕುಳಿಗೆ ಸುರಿದು, ಅಂಚಿಗೆ ಸಮನಾಗಿ ತುಂಬಬೇಕು. ಮಣ್ಣಿನ ಕಿಲೋಗ್ರಾಂಗಳನ್ನು ಮರಳಿನ ಲೀಟರುಗಳಿಂದ ಭಾಗಿಸಿದರೆ ಘನ ಮೀಟರಿಗೆ ಇಷ್ಟು ಟನ್ನು ಎಂಬುದು ದೊರೆಯುತ್ತದೆ. ಮಣ್ಣು ೨೧.೬ ಕಿಲೋಗ್ರಾಂ ತೂಗಿ, ಕುಳಿಯು ೧೨ ಲೀಟರು ಮರಳನ್ನು ಹಿಡಿದರೆ, ಆ ಮಣ್ಣು ಘನ ಮೀಟರಿಗೆ ೧.೮ ಟನ್ನು ತೂಗುತ್ತದೆಂದು ತಿಳಿಯಬೇಕು.

ಬಳೆಯ ವಿಸ್ತೀರ್ಣ

ವೃತ್ತದ ವಿಸ್ತೀರ್ಣಕ್ಕೆ ಹಿಂದಿನಿಂದ ಬಂದ ಸುಲಭ ಸೂತ್ರವೇ ಸಾಕು: ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಬಂದುದನ್ನು ೧೧ ರಿಂದ ಗುಣಿಸಿ, ೧೪ ರಿಂದ ಭಾಗಿಸುವುದು. ಪಾದದ ವಿಸ್ತೀರ್ಣವನ್ನೂ ಕಂಬದ ವಿಸ್ತೀರ್ಣವನ್ನೂ ಬೇರೆ ಬೇರೆಯಾಗಿ ಕಂಡುಹಿಡಿದು, ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಬಳೆಯ ವಿಸ್ತೀರ್ಣ ಬರುವುದು.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಅವರು ಮೊದಲು ವ್ಯಾಸದಿಂದ ವ್ಯಾಸವನ್ನು ಕಳೆದು, ಉಳಿದುದರ ಮೇಲೆ ವೃತ್ತದ ಸೂತ್ರವನ್ನು ಹಾಕುತ್ತಾರೆ. ೨ ಮೀಟರಿನ ಪಾದ, ೦.೪ ಮೀಟರಿನ ಕಂಬ ಇದ್ದಲ್ಲಿ ಸರಿಯಾದ ವಿಸ್ತೀರ್ಣ ೩.೦೨ ಚದರ ಮೀಟರು. ತಪ್ಪು ದಾರಿಯಲ್ಲಿ ಹೋದರೆ ೨.೦೧ ಚದರ ಮೀಟರು ಮಾತ್ರ ಬರುವುದು. ಮೂರರಲ್ಲಿ ಒಂದು ಪಾಲು ಹೊರೆ ಲೆಕ್ಕದಿಂದಲೇ ಜಾರಿಹೋದಂತಾಯಿತು. ಗುಂಡು ಪಾದವನ್ನು ಅದೇ ಅಳತೆಯ ಚೌಕವೆಂದು ಭಾವಿಸುವುದೂ ತಪ್ಪೇ; ಹಾಗೆ ಮಾಡಿದರೆ ಇಲ್ಲದ ನೆಲವನ್ನು ಇದೆಯೆಂದು ಎಣಿಸಿದಂತಾಗುವುದು.

ಒಂದು ಉದಾಹರಣೆ

ನಾಲ್ಕು ಗುಂಡು ಕಂಬಗಳ ಮೇಲೆ ೪೦,೦೦೦ ಲೀಟರು ನೀರು ಹಿಡಿಯುವ ಟ್ಯಾಂಕೊಂದನ್ನು ಕಟ್ಟುತ್ತಾರೆಂದು ಭಾವಿಸೋಣ. ನೀರಿನ ತೂಕ ೪೦ ಟನ್ನು. ಟ್ಯಾಂಕಿನ ಮತ್ತು ನೆಲದ ಮೇಲಿನ ಕಂಬಗಳ ತೂಕ ೫೬ ಟನ್ನು ಎಂದು ಇಟ್ಟುಕೊಂಡರೆ ಒಟ್ಟು ೯೬ ಟನ್ನು. ಒಂದೊಂದು ಕಂಬಕ್ಕೆ ೨೪ ಟನ್ನು. ಪಾದದ ವ್ಯಾಸ ೨ ಮೀಟರು, ದಪ್ಪ ೦.೪ ಮೀಟರು, ಕಂಬದ ವ್ಯಾಸ ೦.೪ ಮೀಟರು, ಪಾದದ ತಳವು ನೆಲದಿಂದ ೧.೫ ಮೀಟರು ಆಳದಲ್ಲಿದೆ. ಪಾದದ ಮೇಲಿನ ಮಣ್ಣಿನ ಎತ್ತರ ೧.೧ ಮೀಟರು. ಲೆಕ್ಕವು ಹೀಗಾಗುವುದು:

ಪಾದದ ವಿಸ್ತೀರ್ಣ: ೩.೧೪ ಚದರ ಮೀಟರು
ಕಂಬದ ವಿಸ್ತೀರ್ಣ: ೦.೧೩ ಚದರ ಮೀಟರು
ಬಳೆಯ ವಿಸ್ತೀರ್ಣ: ೩.೦೨ ಚದರ ಮೀಟರು
ಬಳೆಯ ಮೇಲಿನ ಮಣ್ಣು: ೩.೩೨ ಘನ ಮೀಟರು
ಮೇಲುಹೊರೆ, ೧.೮ ರ ದರದಂತೆ: ೫.೯೭ ಟನ್ನು
ಪಾದದ ಕಾಂಕ್ರೀಟು: ೩.೧೪ ಟನ್ನು
ನೆಲದೊಳಗಿನ ಕಂಬ: ೦.೩೫ ಟನ್ನು
ಮೇಲಿನಿಂದ ಬರುವ ಭಾರ: ೨೪.೦೦ ಟನ್ನು
ಒಟ್ಟು: ೩೩.೪೬ ಟನ್ನು

(ಭಿನ್ನಾಂಶಗಳನ್ನು ಕಡೆಯಲ್ಲಿ ಎರಡು ಸ್ಥಾನಗಳಿಗೆ ಇಳಿಸಿದೆ.)

ಇದನ್ನು ಪಾದದ ವಿಸ್ತೀರ್ಣದಿಂದ ಭಾಗಿಸಿದರೆ ತಳದ ನೆಲದ ಮೇಲೆ ಚದರ ಮೀಟರಿಗೆ ೧೦.೬೫ ಟನ್ನು ಒತ್ತಡ ಬೀಳುವುದು ತಿಳಿಯುತ್ತದೆ. ಮೇಲಿನಿಂದ ಬರುವ ೨೪ ಟನ್ನನ್ನು ಮಾತ್ರ ಗಣಿಸಿದವನಿಗೆ ೭.೬೪ ಟನ್ನು ಮಾತ್ರ ಕಂಡುಬರುವುದು. ಈ ಮೂರು ಟನ್ನುಗಳ ಅಂತರದಲ್ಲಿ ಸುಮಾರು ಎರಡು ಪಾಲು ಮಣ್ಣಿನದು, ಒಂದು ಪಾಲು ಕಾಂಕ್ರೀಟಿನದು. ಗಾಳಿಯ ಬಡಿತದಿಂದ ಒಂದು ಕಡೆಯ ಕಂಬಗಳ ಮೇಲೆ ಹೆಚ್ಚುವರಿ ಭಾರ ಬೀಳುವುದುಂಟು. ಅದನ್ನು ಇಂಜಿನಿಯರರು ಬೇರೆಯಾಗಿ ಸೇರಿಸುತ್ತಾರೆ.

ಒಟ್ಟು ಒತ್ತಡ, ನಿವ್ವಳ ಒತ್ತಡ

ಇನ್ನು ಮುಖ್ಯವಾದ ಒಂದು ಭೇದವನ್ನು ಗಮನಿಸತಕ್ಕದ್ದು. ಗುಂಡಿ ತೋಡುವುದಕ್ಕೆ ಮೊದಲೇ ಆ ತಳದ ನೆಲವು ತನ್ನ ಮೇಲಿದ್ದ ೧.೫ ಮೀಟರು ಮಣ್ಣನ್ನು ಹೊತ್ತಿತ್ತು. ಅದು ಚದರ ಮೀಟರಿಗೆ ೨.೭ ಟನ್ನು. ಆದ್ದರಿಂದ ನೆಲಕ್ಕೆ ಹೊಸದಾಗಿ ಬಿದ್ದ ಒತ್ತಡ ೧೦.೬೫ ರಲ್ಲಿ ೨.೭೦ ಕಳೆದು ೭.೯೫ ಟನ್ನು ಮಾತ್ರ. ಮೊದಲನೆಯದು ಒಟ್ಟು ಒತ್ತಡ, ಎರಡನೆಯದು ನಿವ್ವಳ ಒತ್ತಡ. ಮಣ್ಣುಪರೀಕ್ಷೆಯ ವರದಿಯಲ್ಲಿ ಇವನ್ನು ಗ್ರಾಸ್ ಎಂದೂ ನೆಟ್ ಎಂದೂ ನಮೂದಿಸಿರುತ್ತಾರೆ.

ವರದಿಯಲ್ಲಿ ನೆಲದ ಸುರಕ್ಷಿತ ಶಕ್ತಿಯು ನಿವ್ವಳ ೮ ಟನ್ನು ಎಂದಿದ್ದರೆ, ಮೇಲಿನ ಪಾದವು ಕೂದಲೆಳೆಯ ಅಂತರದಲ್ಲಿ ಸರಿಹೋಗುವುದು. ಅದೇ ವರದಿಯಲ್ಲಿ ಒಟ್ಟು ೮ ಟನ್ನು ಎಂದಿದ್ದರೆ ಆ ಪಾದವು ಸಾಲದು, ಅಗಲ ಮಾಡಲೇಬೇಕು. ಮಣ್ಣಿನ ಹೊರೆಯನ್ನು ಬಿಟ್ಟು ೭.೬೪ ನ್ನು ಒಟ್ಟು ಶಕ್ತಿಯೊಡನೆ ಹೋಲಿಸಿದವನು ಅಪಾಯವನ್ನು ಸುರಕ್ಷಿತವೆಂದು ಭಾವಿಸುತ್ತಾನೆ. ಮಣ್ಣಿನ ಹೊರೆ ಸೇರಿದ ೧೦.೬೫ ನ್ನು ನಿವ್ವಳ ಶಕ್ತಿಯೊಡನೆ ಹೋಲಿಸಿದವನು ಕಾಂಕ್ರೀಟಿಗೆ ವೃಥಾ ಹಣವನ್ನು ಸುರಿಯುತ್ತಾನೆ. ಒಟ್ಟನ್ನು ಒಟ್ಟಿನೊಡನೆ, ನಿವ್ವಳವನ್ನು ನಿವ್ವಳದೊಡನೆ ಹೋಲಿಸತಕ್ಕದ್ದು. ವರದಿಯಲ್ಲಿ ಯಾವುದೆಂದು ಸ್ಪಷ್ಟವಾಗಿಲ್ಲದಿದ್ದರೆ, ಕೆಲಸಕ್ಕೆ ಕೈಹಾಕುವ ಮೊದಲೇ ಕೇಳಿ ಬರೆಯಿಸಿಕೊಳ್ಳಬೇಕು.

ಮುಂದೆ ಏರಿಸುವ ಮಣ್ಣು

ಕಟ್ಟಡವು ಮುಗಿದ ಕೆಲವು ವರ್ಷಗಳ ಬಳಿಕ, ಕೆಸರಾಗುತ್ತದೆಂದೋ ರಸ್ತೆ ಎತ್ತರವಾಯಿತೆಂದೋ ಟ್ಯಾಂಕಿನ ಸುತ್ತ ಮಣ್ಣೇರಿಸುವುದುಂಟು. ಮೇಲಿನ ಉದಾಹರಣೆಯಲ್ಲಿ ಎರಡಡಿ, ಎಂದರೆ ೦.೬ ಮೀಟರು ಮಣ್ಣನ್ನು ಹಾಕಿ ದಮ್ಮಸು ಮಾಡಿದರೆ, ಪಾದವೊಂದರ ಮೇಲೆ ೩.೨೬ ಟನ್ನು ಹೊರೆ ಹೆಚ್ಚುವುದು; ಒತ್ತಡವು ಚದರ ಮೀಟರಿಗೆ ೧.೦೪ ಟನ್ನು ಏರುವುದು. ನಿವ್ವಳ ೭.೯೫ ಇದ್ದುದು ೮.೯೯ ಆಗಿ, ವರದಿಯ ೮ ಟನ್ನಿನ ಮಿತಿಯನ್ನು ದಾಟಿತು. ಟ್ಯಾಂಕಿಗೆ ಒಂದು ಬಿಂದಿಗೆ ನೀರನ್ನೂ ಹೆಚ್ಚಾಗಿ ತುಂಬಲಿಲ್ಲ. ಆದರೂ ಅಸ್ತಿಭಾರಕ್ಕೆ ಭಾರ ಹೆಚ್ಚಿತು. ಇದರ ಫಲವಾಗಿ ಕಟ್ಟಡವು ಕೂಡಲೇ ಬೀಳಲಾರದು. ಆದರೆ ಮೆತ್ತನೆಯ ಜೇಡಿನೆಲದಲ್ಲಿ ನಿಧಾನವಾಗಿ ಕುಸಿಯುತ್ತ, ಒಂದು ಪಾದವು ಇನ್ನೊಂದಕ್ಕಿಂತ ಹೆಚ್ಚು ಇಳಿದಲ್ಲಿ ಬಿರುಕು ಬಿಡುವುದು.

ಟ್ಯಾಂಕಿನ ಕೆಳಗಿನ ನೆರಳಿನಲ್ಲಿ ಕಟ್ಟಡದ ಸಾಮಾನುಗಳನ್ನು ರಾಶಿ ಹಾಕುವುದು ಇದಕ್ಕಿಂತಲೂ ಕೆಟ್ಟದ್ದು. ಘನ ಮೀಟರಿಗೆ ೧.೬ ಟನ್ನು ತೂಗುವ ಮರಳನ್ನು ಒಂದು ಪಾದದ ಮೇಲೆ ಪೂರಾ ಹರಡುವಂತೆ ೨ ಮೀಟರು ಎತ್ತರ ಸುರಿದರೆ, ಆ ಪಾದಕ್ಕೆ ೯.೬೫ ಟನ್ನು ಹೊರೆ ಹೆಚ್ಚುವುದು. ಪಾದದ ಮೇಲೆ ಮೊದಲಿದ್ದ ಮಣ್ಣಿಗಿಂತ ಇದು ಅಧಿಕ. ಅದರಲ್ಲಿಯೂ ರಾಶಿಯು ನಾಲ್ಕರಲ್ಲಿ ಒಂದೇ ಪಾದದ ಮೇಲೆ ಬೀಳುವುದರಿಂದ ಕಟ್ಟಡವು ಆ ಕಡೆಗೆ ವಾಲಲು ಎಡೆಯಾಗುವುದು.

ಮಳೆಗಾಲದಲ್ಲಿ ಮಣ್ಣು ನೀರುಂಡು ೧.೮ ರಿಂದ ೨ ಟನ್ನಿಗೆ ಏರಿದರೆ ಹೆಚ್ಚುವ ಒತ್ತಡವು ೦.೨೧ ಟನ್ನು ಮಾತ್ರ. ಅದೊಂದಕ್ಕಾಗಿ ಹೆದರಬೇಕಾಗಿಲ್ಲ. ಆದರೆ ನೀರು ತಳದ ನೆಲವನ್ನು ಮೆತ್ತಗೆ ಮಾಡುವುದು ಬೇರೆಯ ಮಾತು. ನೀರು ಬುಡದಲ್ಲಿ ನಿಲ್ಲದಂತೆ ಇಳಿಜಾರು ಮಾಡಿಸುವುದು ಅಗತ್ಯ.

ಕಾವಲಾಗಿರುವ ಮಣ್ಣು

ಈಗ ಎರಡನೆಯ ಮುಖವನ್ನು ನೋಡತಕ್ಕದ್ದು. ಅತಿಭಾರ ಬಿದ್ದಾಗ ಪಾದದ ಕೆಳಗಿನ ಮಣ್ಣು ಪಕ್ಕಕ್ಕೆ ಜಾರಿ, ಹೊರಗಡೆ ಮೇಲಕ್ಕೆ ಉಬ್ಬಿಕೊಳ್ಳುವುದು. ಹಾಗೆ ಉಬ್ಬದಂತೆ ಅದುಮಿ ಹಿಡಿಯುವುದು ಪಾದದ ಪಕ್ಕದಲ್ಲಿರುವ ಮಣ್ಣಿನ ತೂಕವೇ.

ಇದಕ್ಕೆ ಪರದೇಶದ ಒಂದು ನಿದರ್ಶನವುಂಟು. ಕೆನಡಾ ದೇಶದ ವಿನ್ನಿಪೆಗ್ ನಗರದ ಬಳಿಯ ಟ್ರಾನ್ಸ್‌ಕೋನಾ ಎಂಬಲ್ಲಿ, ೬೫ ಗುಂಡು ಕೋಶಗಳುಳ್ಳ ದೊಡ್ಡ ಧಾನ್ಯದ ಕಣಜವೊಂದನ್ನು ಕಟ್ಟಿದ್ದರು. ಅದರ ತಳವು ಗುಂಡಗಿರದೆ ಒಂದೇ ಆಯತಾಕಾರದ ಕಾಂಕ್ರೀಟು ಹಾಸಾಗಿತ್ತು. ಆದರೆ ನೆಲದ ನಡೆವಳಿಕೆ ಎಲ್ಲಕ್ಕೂ ಒಂದೇ. ಹತ್ತು ಲಕ್ಷ ಬುಷೆಲ್ ಹಿಡಿಯುವ ಆ ಕಣಜಕ್ಕೆ ೧೯೧೩ನೆಯ ಇಸವಿಯಲ್ಲಿ ಮೊದಲಬಾರಿಗೆ ಧಾನ್ಯವನ್ನು ತುಂಬುತ್ತಿದ್ದರು. ಸುಮಾರು ೮,೭೫,೦೦೦ ಬುಷೆಲ್ ತುಂಬಿದಾಗ, ಅಕ್ಟೋಬರ್ ೧೮ ರಂದು, ಕಟ್ಟಡವು ಇಳಿಯತೊಡಗಿತು. ಒಂದು ದಿನದೊಳಗೆ ಸುಮಾರು ೨೭ ಡಿಗ್ರಿ ವಾಲಿ ನಿಂತಿತು. ಪಕ್ಕದ ನೆಲವು ಉಬ್ಬಿ ಮೇಲೆದ್ದಿತ್ತು. ಕೋಶಗಳು ಒಡೆಯಲಿಲ್ಲ, ಸೋತದ್ದು ಅಡಿಯ ಜೇಡಿಮಣ್ಣು. ಆಮೇಲೆ ಅದನ್ನು ಎತ್ತಿ ನೆಟ್ಟಗೆ ನಿಲ್ಲಿಸಿ, ಮತ್ತೆ ಉಪಯೋಗಕ್ಕೆ ತಂದರು.

ಪಕ್ಕದ ಮಣ್ಣಿನ ತೂಕವನ್ನು ನೆಲದ ಶಕ್ತಿಯ ಲೆಕ್ಕದಲ್ಲಿ ಸೇರಿಸುವ ಸೂತ್ರವನ್ನು ಕಾರ್ಲ್ ಟೆರ್ಜಾಗಿ ಎಂಬ ವಿದ್ವಾಂಸರು ೧೯೪೩ರಲ್ಲಿ ಪ್ರಕಟಿಸಿದರು. ಭಾರತದಲ್ಲಿ ಈ ಬಗೆಯ ಲೆಕ್ಕಕ್ಕೆ ಐ.ಎಸ್. ೬೪೦೩ ಎಂಬ ೧೯೮೧ರ ಮಾನಕವು ಆಧಾರವಾಗಿದೆ. ಅದರಂತೆ, ಒಳಘರ್ಷಣೆಯ ಕೋನವು ೩೦ ಡಿಗ್ರಿ ಇರುವ ಮರಳುನೆಲದಲ್ಲಿ, ಪಕ್ಕದ ಮಣ್ಣಿನ ಒತ್ತಡವನ್ನು ೧೭.೪ ರಿಂದ ಗುಣಿಸಿ, ಗುಂಡು ಪಾದಕ್ಕೆ ಸಲ್ಲುವ ೧.೨ ರಿಂದ ಮತ್ತೆ ಗುಣಿಸಬೇಕು. ಅರ್ಧ ಮೀಟರು ಮಣ್ಣಿನ ಒತ್ತಡ ೦.೯ ಟನ್ನು; ಅದರಿಂದ ದೊರೆಯುವ ಶಕ್ತಿ ಚದರ ಮೀಟರಿಗೆ ೧೮.೮ ಟನ್ನು. ಸುರಕ್ಷತೆಗಾಗಿ ಮೂರರಲ್ಲಿ ಒಂದು ಪಾಲನ್ನೇ ಹಿಡಿದರೂ ೬.೩ ಟನ್ನು ಆಗುವುದು. ಎಂದರೆ ಪಾದಗಳ ಪಕ್ಕದಲ್ಲಿ ಅರ್ಧ ಮೀಟರು ಮಣ್ಣನ್ನು ಕೆತ್ತಿ ಒಯ್ದರೆ, ನೆಲವು ಅಷ್ಟು ಶಕ್ತಿಯನ್ನು ಕಳೆದುಕೊಳ್ಳುವುದು. ಅಪ್ಪಟ ಜೇಡಿನೆಲದಲ್ಲಿ ಈ ಗುಣಾಕಾರದ ಲಾಭವಿಲ್ಲ. ತೆಗೆದ ಮಣ್ಣಿನ ತೂಕದಷ್ಟೇ ಶಕ್ತಿ ಕುಗ್ಗುವುದು. ಆದರೆ ಅಂಥ ನೆಲದಲ್ಲಿ ಮೊದಲೇ ಶಕ್ತಿ ಕಡಿಮೆಯಿರುವುದರಿಂದ ಅಷ್ಟೂ ಬೆಲೆಯುಳ್ಳದ್ದೇ.

ಗಾಳಿ ಎಳೆಯುವ ಕಂಬಗಳು

ಹಗುರವಾದ ಕಟ್ಟಡಗಳಲ್ಲಿ ಅಪಾಯವು ಕೆಳಗಿನಿಂದ ಬರದೆ ಮೇಲಿನಿಂದ ಬರುವುದು. ಸೌರಫಲಕದ ಚೌಕಟ್ಟಿಗೆ ಬಿರುಗಾಳಿ ಹೊಕ್ಕಾಗ ಕಂಬವನ್ನು ಮೇಲಕ್ಕೆ ಎಳೆಯುತ್ತದೆ. ಆಗ ಕಂಬವನ್ನು ಹಿಡಿದು ನಿಲ್ಲಿಸುವುದು ಪಾದದ ತೂಕ ಮತ್ತು ಪಾದದ ಮೇಲಿನ ಮಣ್ಣಿನ ತೂಕ. ೧ ಮೀಟರು ವ್ಯಾಸ, ೦.೩ ಮೀಟರು ದಪ್ಪದ ಪಾದವಿದ್ದು, ಅದರ ಮೇಲೆ ೦.೩ ಮೀಟರು ವ್ಯಾಸದ ಕಾಂಕ್ರೀಟು ಗಿಡ್ಡಗಂಬವೂ ಸುತ್ತಲೂ ೧ ಮೀಟರು ಎತ್ತರ ಮಣ್ಣೂ ಇರಲಿ. ಮಣ್ಣಿಗೆ ೧.೬ ರ ದರ ಹಿಡಿದರೆ:

ಮಣ್ಣು: ೧.೧೪ ಟನ್ನು
ಪಾದ: ೦.೫೯ ಟನ್ನು
ಗಿಡ್ಡಗಂಬ: ೦.೧೮ ಟನ್ನು
ಒಟ್ಟು ಹಿಡಿತ: ೧.೯೧ ಟನ್ನು

ಮಳೆ ಹೆಚ್ಚಾಗಿ ನೀರು ನೆಲದ ಮಟ್ಟದವರೆಗೆ ಏರಿ ನಿಂತರೆ, ನೀರಿನಲ್ಲಿ ಮುಳುಗಿದ ಕೊಡವು ಹಗುರವಾಗುವಂತೆ ಮಣ್ಣೂ ಕಾಂಕ್ರೀಟೂ ಹಗುರವಾಗುವುವು. ಘನ ಮೀಟರಿಗೆ ಒಂದೊಂದು ಟನ್ನು ಕಳೆಯಬೇಕು: ನೀರುಂಡ ಮಣ್ಣು ೧.೯ ರಿಂದ ೦.೯ ಕ್ಕೆ, ಕಾಂಕ್ರೀಟು ೨.೫ ರಿಂದ ೧.೫ ಕ್ಕೆ ಇಳಿಯುವುದು. ಆಗ ಹಿಡಿತವು ೧.೧೦ ಟನ್ನು ಮಾತ್ರ. ಗಾಳಿಯ ಎಳೆತವು ೧.೨ ಟನ್ನು ಇರುವಲ್ಲಿ, ಬೇಸಿಗೆಯಲ್ಲಿ ಗಟ್ಟಿಯಾಗಿ ನಿಂತ ಕಂಬವು ಜಡಿಮಳೆಯ ದಿವಸ ಕಿತ್ತುಬರುವುದು. ಇದರ ಮೇಲೆ ಯಾರಾದರೂ ಅರ್ಧ ಮೀಟರು ಮಣ್ಣನ್ನು ತೋಡಿ ಒಯ್ದಿದ್ದರೆ, ನೀರು ನಿಂತಾಗ ಉಳಿಯುವ ಹಿಡಿತ ೦.೭೮ ಟನ್ನು ಅಷ್ಟೆ.

ಇದರಿಂದ ಒಂದು ನಿಯಮವು ಹೊರಡುತ್ತದೆ. ಮಣ್ಣನ್ನು ಹೊರೆಯೆಂದು ಎಣಿಸುವಾಗ ಹೆಚ್ಚಿನ ತೂಕವನ್ನು ಹಿಡಿಯಬೇಕು; ಹಿಡಿತವೆಂದು ಎಣಿಸುವಾಗ ಕಡಿಮೆ ತೂಕವನ್ನು ಹಿಡಿಯಬೇಕು. ಸಾಲವನ್ನು ಪೂರಾ ಬರೆದು, ಬರತಕ್ಕ ಬಾಕಿಯನ್ನು ಅರ್ಧವೇ ನಂಬುವ ಸಂಸಾರಸ್ಥನು ಮಾಡುವುದೂ ಇದೇ.

ಎರೆಭೂಮಿಯವರಿಗೆ ವಿಶೇಷ ಸೂಚನೆ

ಧಾರವಾಡ, ವಿಜಯಪುರ, ಕಲಬುರಗಿ ಮೊದಲಾದ ಪ್ರಾಂತಗಳ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದು ಎಲ್ಲರಿಗೂ ತಿಳಿದದ್ದೇ. ಅಂಥ ಮಣ್ಣು ಉಬ್ಬುವಾಗ ಹಗುರವಾದ ಪಾದವನ್ನು ಮೇಲಕ್ಕೆ ನೂಕುವ ಬಲವು, ಒಂದೆರಡು ಮೀಟರು ಮಣ್ಣಿನ ಹೊರೆಯಿಂದ ತಡೆಯುವಷ್ಟು ಅಲ್ಪವಾದುದಲ್ಲ. ಆದುದರಿಂದ ಆಳವಾದ ಎರೆಭೂಮಿಯಲ್ಲಿ ಮೇಲಿನ ಲೆಕ್ಕವೊಂದನ್ನೇ ನಂಬಿ ಪಾದವನ್ನು ಹಾಕಬಾರದು. ಋತುಗಳ ಬದಲಾವಣೆ ತಾಗದ ಆಳಕ್ಕೆ ಹೋಗುವ, ತಳದಲ್ಲಿ ಅಗಲವಾದ ನೆಲಗಂಬಗಳನ್ನು ಇಂಜಿನಿಯರರು ಇಂಥಲ್ಲಿ ಸೂಚಿಸುವುದುಂಟು. ಇವು ಬಹುಮಟ್ಟಿಗೆ ೩.೫ ಮೀಟರು ಅಥವಾ ಅದಕ್ಕೂ ಹೆಚ್ಚು ಆಳ ಹೋಗುವುವು. ಗುಂಡಿಯನ್ನು ಮುಚ್ಚಲು ತೆಗೆದ ಎರೆಮಣ್ಣನ್ನೇ ಹಾಕದೆ ಗರಸನ್ನು ತರಿಸಿ ಹಾಕುವುದು ಒಳ್ಳೆಯದು.

ಮುಖಂಡರೂ ಮಾಲೀಕರೂ ಗಮನಿಸತಕ್ಕ ಅಂಶಗಳು

೧. ಪಾದದ ವ್ಯಾಸ, ದಪ್ಪ, ಆಳ ಮತ್ತು ಲೆಕ್ಕಕ್ಕೆ ಹಿಡಿದ ನೆಲದ ಮಟ್ಟ ಇವುಗಳನ್ನು ಬರೆದ ನಕ್ಷೆಯ ಪ್ರತಿಯನ್ನು ಕಟ್ಟಡವು ಮುಗಿದ ದಿನವೇ ಪಡೆದು ಪಂಚಾಯಿತಿಯ ಕಡತದಲ್ಲಿ ಇಡತಕ್ಕದ್ದು.

೨. ಆ ನೆಲದ ಮಟ್ಟವನ್ನು ಒಂದು ಕಂಬದ ಮೇಲೆ ಅಳಿಸದ ಬಣ್ಣದಿಂದ ಗೆರೆ ಹಾಕಿಸಬೇಕು. ಮಣ್ಣು ಏರಿತೇ ಇಳಿಯಿತೇ ಎಂಬುದು ಆಗ ಯಾರಿಗೂ ಕಾಣುವುದು.

೩. ಗುಂಡಿ ಮುಚ್ಚುವಾಗ ಮಣ್ಣನ್ನು ಒಮ್ಮೆಗೇ ಸುರಿಯಗೊಡದೆ, ಅರ್ಧ ಅಡಿಯ ಪದರಗಳಲ್ಲಿ ಹಾಕಿಸಿ, ನೀರು ಚಿಮುಕಿಸಿ, ದಮ್ಮಸು ಮಾಡಿಸಬೇಕು.

೪. ಪಾದದ ಅಂಚಿನಿಂದ ಕನಿಷ್ಠಪಕ್ಷ ಪಾದದ ವ್ಯಾಸದ ಎರಡರಷ್ಟು ದೂರದೊಳಗೆ ಇಟ್ಟಿಗೆಗಾಗಲಿ, ಮನೆಯ ಗೋಡೆಗಾಗಲಿ ಮಣ್ಣು ತೆಗೆಯಲು ಯಾರಿಗೂ ಅವಕಾಶ ಕೊಡಬಾರದು. ಚರಂಡಿ ಅಥವಾ ಕೊಳವೆಗಾಗಿ ತೋಡಲೇಬೇಕಾದರೆ ಇಂಜಿನಿಯರರ ಒಪ್ಪಿಗೆ ಪಡೆದು, ಟ್ಯಾಂಕನ್ನು ಬರಿದುಮಾಡಿ, ಸ್ವಲ್ಪ ಸ್ವಲ್ಪವಾಗಿ ತೋಡಿ, ಕೂಡಲೇ ಮುಚ್ಚಿಸತಕ್ಕದ್ದು.

೫. ಕಂಬಗಳ ನಡುವೆ ಮರಳು, ಜಲ್ಲಿ, ಗೊಬ್ಬರ, ಧಾನ್ಯದ ಮೂಟೆಗಳನ್ನು ಪೇರಿಸಲು ಬಿಡಬಾರದು.

೬. ಹೊಸ ಟ್ಯಾಂಕಿಗೂ ಕಣಜಕ್ಕೂ ಮೊದಲಬಾರಿ ಒಂದೇ ದಿನದಲ್ಲಿ ತುಂಬದೆ, ಹಂತಹಂತವಾಗಿ ತುಂಬಿ, ಪ್ರತಿ ಹಂತದಲ್ಲಿಯೂ ಕಂಬಗಳ ಮಟ್ಟವನ್ನು ನೋಡಿ ಬರೆದಿಡಬೇಕು.

ಗಟ್ಟಿಯಾದ ಕಾಂಕ್ರೀಟಿಗೆ ಹಣವನ್ನು ವೆಚ್ಚ ಮಾಡಿದ ಗ್ರಾಮವು, ಬೆಲೆಯಿಲ್ಲದ್ದೆಂದು ತೋರುವ ಬುಡದ ಮಣ್ಣನ್ನೂ ಅದೇ ಆಸ್ತಿಯ ಭಾಗವೆಂದು ತಿಳಿದು ಕಾಪಾಡಿಕೊಳ್ಳತಕ್ಕದ್ದು. ಲೆಕ್ಕದಲ್ಲಿ ಸೇರಿದ ಮಣ್ಣು ಲೆಕ್ಕವಿಟ್ಟ ಮಟ್ಟದಲ್ಲಿಯೇ, ಹೆಚ್ಚೂ ಆಗದೆ ಕಡಿಮೆಯೂ ಆಗದೆ, ಇರುವಂತೆ ನೋಡಿಕೊಂಡರೆ ಅಸ್ತಿಭಾರವು ತನ್ನ ಕೆಲಸವನ್ನು ತಾನು ಮಾಡುವುದು.